ಮಾವ ತೋರಿಸಿದ ರೈಲು

ನಿನ್ನೆ ಕಡಲೆಕಾಯಿ ಕಟ್ಟಿಕೊಟ್ಟಿದ್ದ ಪೇಪರು ಬಿಡಿಸಿದರೆ ಒಳಗೊಂದು ರೈಲಿನ ಚಿತ್ರ. ಉದ್ದ ಮೂತಿ, ಬಿಳಿ ಮೈ. ದೇಶದ ಮೊದಲ ಅತಿವೇಗದ ರೈಲಂತೆ, ಮುಂಬಯಿಗೂ ಅಹಮದಾಬಾದಿಗೂ ನಡುವೆಯಂತೆ. ಓಡಲಿ ಬಿಡಿ, ನನಗೇನು! ಆದರೆ ಆ ಮೂತಿ ಕಂಡದ್ದೇ ತಡ, ಹಳೆಯ ಸಿಟ್ಟು ಭಗ್ ಅಂದಿತು. ಇಂಥದ್ದೇ ಚಿತ್ರವನ್ನು ಆ ಮನುಷ್ಯ ನಮ್ಮ ಜಗಲಿಯ ಮೇಲೆ ಹರಡಿಕೊಂಡು ಕೂತಿದ್ದ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಂಗಳೂರಿಗೆ ಹತ್ತಿರದ ನಮ್ಮ ಹೊಸೂರಿನ ಸುತ್ತ ಫ್ಯಾಕ್ಟರಿಗಳು ಏಳುತ್ತಿದ್ದವು. ಅವನು ನಮ್ಮ ಪಕ್ಕದ ಮನೆಯವನು. ನಾವು ಮಕ್ಕಳು ಮಾವ ಅನ್ನುತ್ತಿದ್ದೆವು. ಅಮ್ಮನಿಗೆ ಒಡಹುಟ್ಟಿದವರಿರಲಿಲ್ಲ. ಗೌರಿ ಹಬ್ಬಕ್ಕೆ ತವರಿನ ಸೀರೆ, ಬಳೆ ತರಲು ಅಣ್ಣನಿಲ್ಲವೆಂದು ಅವಳು ಕಣ್ಣೀರು ಹಾಕಿದ್ದನ್ನು ಕಂಡು, ಒಂದು ವರ್ಷ ಅವನೇ ತಟ್ಟೆ ಹಿಡಿದು ಬಂದ. ಅಲ್ಲಿಂದ ಅವನು ಅಮ್ಮನಿಗೆ ಅಣ್ಣ. ಅಣ್ಣ ಅಂದರೆ ಅಣ್ಣನೇ. ಅವಳಿಗೆ ಅರ್ಧಂಬರ್ಧ ಯಾವುದೂ ಗೊತ್ತಿರಲಿಲ್ಲ.

ಊರಾಚೆ ಅವಲಪಲ್ಲಿ ಕಡೆ ಅಮ್ಮನ ಹೊಲವಿತ್ತು. ಮದುವೆಯಲ್ಲಿ ತಾತ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಅಂಥ ಹೊಲವನ್ನು ನಮ್ಮಲ್ಲಿ ಮಾರುವುದಿಲ್ಲ, ಗಂಡನೂ ಅದಕ್ಕೆ ಕೈ ಹಾಕುವುದಿಲ್ಲ. ರಾಗಿ, ನಡುನಡುವೆ ಅವರೆ, ಹುಚ್ಚೆಳ್ಳಿನ ಹಳದಿ ಹೂವು… ಅಲ್ಲಿಗೆ ಹೊರಟರೆ ಅಮ್ಮನ ನಡಿಗೆಯೇ ಬೇರೆಯಾಗುತ್ತಿತ್ತು.

ಒಂದು ದಿನ ಯಾರೋ ಅಳತೆಯವರು ಬಂದು ಹೊಲದ ಅಂಚಿಗೆ ಸುಣ್ಣ ಬಳಿದ ಕಲ್ಲು ನೆಟ್ಟು ಹೋದರು. ಅಮ್ಮ ಗಾಬರಿಯಾಗಿ ಓಡಿದ್ದು ಅವನ ಹತ್ತಿರವೇ. ಅವನು ಪೇಪರು ತಂದು ಹರಡಿದ. ಫ್ರಾನ್ಸಿನಲ್ಲಿ ಎರಡು ದೊಡ್ಡ ಊರುಗಳ ನಡುವೆ ಹೊಸದಾಗಿ ಬಿಟ್ಟ ರೈಲಿನ ಚಿತ್ರ.

"ಇಂಥದ್ದೇ ಮದ್ರಾಸಿಂದ ಬೆಂಗಳೂರಿಗೆ ಬತ್ತದೆ ಕಣಮ್ಮ. ಇದು ಬಳಸ್ಕೊಂಡು ಹೋಗಲ್ಲ, ನೆಟ್ಟಗೆ ನುಗ್ತದೆ. ನಿನ್ನ ಹೊಲ ನಟ್ಟನಡುವೆ ಸಿಕ್ತದೆ. ಸರ್ಕಾರದೋರು ಕಿತ್ಕೊಳ್ಳೋಕೆ ಮುಂಚೆ ಕೊಟ್ಬುಡು. ನಮ್ಮೋರೊಬ್ರು ಅವ್ರೆ, ತಗೊಳ್ತಾರೆ."

"ರೈಲು ಬರೋ ಜಾಗಾನ ಅವ್ರ್ಯಾಕೆ ತಗೊಳ್ತಾರೆ?" ಅಂತ ಅಪ್ಪ ಗೊಣಗಿದರು.

ಅಮ್ಮ ಸಿಡಿದಳು. "ನಮ್ಮಣ್ಣ ನಂಗೆ ಕೇಡು ಬಗೀತಾನಾ?"

ಹೇಳಿದ ಬೆಲೆಗೆ ಕೊಟ್ಟುಬಿಟ್ಟಳು. ಆ 'ನಮ್ಮೋರು' ಅವನ ಭಾಮೈದನೇ ಎಂದು ಗೊತ್ತಾದದ್ದು ಆಮೇಲೆ. ಆ ಸುಣ್ಣ ಬಳಿದ ಕಲ್ಲು ಕರೆಂಟು ಕಂಬಕ್ಕೆ ಇಟ್ಟ ಗುರುತು. ಕಂಬ ಬಂತು, ಸೈಟುಗಳಾದವು, ಮನೆಗಳೆದ್ದವು. ರೈಲು ಬರಲಿಲ್ಲ. ಥೂ! ನಂಬಿಸಿ ಕುತ್ತಿಗೆ ಕೊಯ್ಯುವುದು ಅಂದರೆ ಇದೇ.

ಮಾನಗೆಟ್ಟವನು ಮುಂದಿನ ಗೌರಿ ಹಬ್ಬಕ್ಕೂ ತಟ್ಟೆ ಹಿಡಿದು ಬಂದ. ನಾನಾಗಿದ್ದರೆ ಅದನ್ನು ಬೀದಿಗೆ ಎಸೆಯುತ್ತಿದ್ದೆ. ಅಮ್ಮ ಮಣೆ ಹಾಕಿದಳು, ಒಬ್ಬಟ್ಟು ಬಡಿಸಿದಳು, ಮೇಲೆ ತುಪ್ಪ ಸುರಿದಳು. ಆಮೇಲೆ ತಣ್ಣಗೆ ಕೇಳಿದಳು:

"ಅಣ್ಣಾ, ರೈಲು ಯಾವಾಗ ಬತ್ತದೆ?"

ಅವನು ಒಬ್ಬಟ್ಟು ಅರ್ಧಕ್ಕೇ ಬಿಟ್ಟು ಎದ್ದ. ಮರುವರ್ಷವೂ ಅದೇ ಒಬ್ಬಟ್ಟು, ಅದೇ ಪ್ರಶ್ನೆ. ಅದರ ಮರುವರ್ಷವೂ. ಕೊನೆಗೊಂದು ಹಬ್ಬಕ್ಕೆ ಅವನು ಬರಲಿಲ್ಲ. ಅಮ್ಮ ಸಂಜೆಯವರೆಗೂ ಬಾಗಿಲು ನೋಡಿದಳು. ಹೊಲ ಹೋದಾಗ ಅಳದವಳು ಅವತ್ತು ಬಿಕ್ಕಿ ಬಿಕ್ಕಿ ಅತ್ತಳು. ಅವನ ಮೇಲಿನ ನನ್ನ ಸಿಟ್ಟು ಇಳಿಯದೇ ಇರುವುದು ಆ ಅಳುವಿಗೆ.

ಅವನೂ ಸತ್ತ, ಅಮ್ಮನೂ ಹೋದಳು. ಹೊಲದ ಜಾಗದಲ್ಲಿ ಈಗ ಮೂರು ಬೀದಿಗಳಿವೆ. ಕಡಲೆಕಾಯಿ ಸಿಪ್ಪೆಯನ್ನೆಲ್ಲ ಆ ರೈಲಿನ ಮೂತಿಯ ಮೇಲೆ ಸುರಿದು, ಪೇಪರು ಮುದುರಿ ಎಸೆದೆ. ಇನ್ನೇನು ಗೌರಿ ಹಬ್ಬ ಬರುತ್ತದೆ. ರೈಲು ಯಾವಾಗ ಬತ್ತದೆ ಎಂದು ಕೇಳುವವಳು ಮನೆಯಲ್ಲಿಲ್ಲ.