ಗಾಡಿಗೆ ಕಾಮಣಿ
ಹುಮನಾಬಾದಿನ ದಿಗಂಬರ ಕಾಕಾನ ಓಣಿಯಲ್ಲಿ ಹಳದಿಗಟ್ಟಿದ ಹೆಡ್‌ಲೈಟಿನ ಕಾರು ನಿಂತಿತೆಂದರೆ, ಅದು ಹಾಗೇ ಮರಳಿ ಹೋದದ್ದಿಲ್ಲ. "ಗಾಡಿಗೆ ಕಾಮಣಿ ಆಗ್ಯಾದ್ರಿ, ಕಣ್ಣು ಹಳದಿ ಆಗ್ಯಾವ, ಹ್ಯಾಂಗ ಬಿಡ್ಲಿ?" ಎನ್ನುತ್ತ ಕಾಕಾ ಧೋತರ ಎತ್ತಿ ಕಟ್ಟಿ ಕೂತೇಬಿಡುತ್ತಾನೆ, ನೀರಲ್ಲಿ ನೆನೆಸಿದ ಪಾಲಿಶ್ ಕಾಗದದಿಂದ ತಿಕ್ಕಿ, ಮೇಲೆ ಟೂತ್‌ಪೇಸ್ಟ್ ಬಳಿದು ಮತ್ತೆ ತಿಕ್ಕುತ್ತಾನೆ. ಹಲ್ಲುಜ್ಜಲು ಮನೆಯವರಿಗೆ ಬೇವಿನ ಕಡ್ಡಿಯೇ ಗತಿ. ಬಸವಕಲ್ಯಾಣದಿಂದ ಎದುರುಮನೆಗೆ ಹೆಣ್ಣು ನೋಡಲು ಬಂದವರು, ಹೆಣ್ಣು ಒಪ್ಪಿ ಚಹಾ ಕುಡಿದಾದ ಮೇಲೂ, ಎರಡನೆಯ ದೀಪ ಮುಗಿಯುವವರೆಗೆ ಕಾಯಬೇಕಾಯಿತು. "ಕತ್ತಲಾಗ್ತದ, ಬಿಡ್ರಿ ಕಾಕಾ" ಎಂದರೆ, "ಕತ್ತಲಾಗ್ತದ ಅಂತನೇ ತಿಕ್ಕಾಕತ್ತೇನಿ" ಎಂಬುದೊಂದೇ ಉತ್ತರ. ಹೊಳಪು ಬಂದರೂ ಪರೀಕ್ಷೆ ಬಾಕಿ ಇರುತ್ತದೆ. ಮಬ್ಬುಗತ್ತಲಾದ ಮೇಲೆ ಕರಿಕಂಬಳಿ ಹೊದ್ದು ರಸ್ತೆಯಂಚಿನಲ್ಲಿ ದೂರ ನಡೆದುಹೋಗಿ, "ದೀಪ ಹಚ್ರಿ! ನಾ ಕಾಣಸ್ತೀನೇನ್ರಿ?" ಎಂದು ಕೂಗುತ್ತಾನೆ. "ಕಾಣಸ್ತೀರಿ" ಎಂದರೆ ಇನ್ನಷ್ಟು ದೂರ ಹೋಗುತ್ತಾನೆ. ಹೊರಗಿನವರು ನಗುತ್ತಾರೆ, ಓಣಿಯವರು ನಗುವುದಿಲ್ಲ. ಆ ಕಂಬಳಿ ಕಾಕಾನ ತಮ್ಮ ಶಂಕರಲಿಂಗನದು. ಮನ್ನಾಏಖೇಳ್ಳಿಯ ಹೆದ್ದಾರಿಯಂಚಿನಲ್ಲಿ ಅದನ್ನೇ ಹೊದ್ದು ನಡೆದು ಬರುತ್ತಿದ್ದವನು, ಕಾಮಣಿಯಾದ ಗಾಡಿಯೊಂದಕ್ಕೆ ಕಾಣಿಸಿರಲಿಲ್ಲ.