ಬೂದುಬಣ್ಣದ ಪಟ್ಟಿ

ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟುವುದು ವಿಪರೀತವಾಗಿತ್ತು. ಅತ್ತೆ ಅವರೆಕಾಳು ಹಸನು ಮಾಡುತ್ತಾ ಕೂತಿದ್ದಾಗ ಮೂಲೆಯಿಂದ ಟಿಕ್ ಟಿಕ್ ಎನ್ನುತ್ತಿತ್ತು. ಕೂಡಲೇ ಅವರು ಬೆರಳಿನಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಎನ್ನುತ್ತಿದ್ದರು. ಮೊದಮೊದಲು ದಿನಕ್ಕೊಂದೆರಡು ಸಲ ಇದ್ದದ್ದು, ಬರಬರುತ್ತಾ ಅವರಿಗೆ ಕಾಳು ಆರಿಸಲೂ ಪುರಸೊತ್ತಿಲ್ಲದಂತಾಯಿತು.

"ದಕ್ಷಿಣದ ಮೂಲೇಲಿ ನುಡೀತೈತೆ ಕಣಮ್ಮ. ಒಳ್ಳೇದಲ್ಲ" ಎಂದರು ಒಂದು ದಿನ.

"ಸೆಕೆ ಅತ್ತೆ. ಹಲ್ಲಿಗೂ ಸೆಕೆ ಆಗಲ್ವಾ?"

"ನಿನಗೆ ಎಲ್ಲಾ ತಮಾಷೆ."

ದಕ್ಷಿಣದ ಮೂಲೆಯಲ್ಲಿ ಇದ್ದದ್ದು ನನ್ನ ಕಂಪ್ಯೂಟರ್. ಹೊಲಿಗೆ ಯಂತ್ರಕ್ಕೂ ಗೋಡೆಗೂ ನಡುವೆ, ಮಡಿಸಿ ಹಾಸಿದ ಕರಿಕಂಬಳಿಯ ಮೇಲೆ ಅದನ್ನು ಇಟ್ಟಿದ್ದೆವು. ಕಂಬಳಿ ಹಾಸಿದ್ದೂ ಅತ್ತೆಯೇ. ಅವರ ತವರು ನನ್ನಿವಾಳದ ಕಡೆ, ದೇವರಿಗೂ ಕಂಬಳಿಯನ್ನೇ ಗದ್ದುಗೆ ಹಾಸುವ ಸೀಮೆ. ಮರ್ಯಾದೆಯ ವಸ್ತುವನ್ನು ಬರೀ ನೆಲಕ್ಕೆ ಇಟ್ಟರೆ ಅವರ ಮನಸ್ಸು ಒಪ್ಪದು. "ಅನ್ನ ಕೊಡೋ ಸಾಮಾನಿಗೆ ಒಂದು ಗದ್ದುಗೆ ಬ್ಯಾಡ್ವಾ?" ಎಂದು ಚಳ್ಳಕೆರೆ ಸಂತೆಯಲ್ಲಿ ಕೊಂಡ ಹೊಸ ಕಂಬಳಿಯನ್ನೇ ಬಿಚ್ಚಿದ್ದರು. ಪೆಟ್ಟಿಗೆಯ ಗುಂಯ್ ಎನ್ನುವ ಸದ್ದೂ ಅಡಗಿದ್ದರಿಂದ ನನಗೂ ಅದು ಸರಿಯೆನಿಸಿತ್ತು.

ಅನ್ನ ಕೊಡುತ್ತಿದ್ದದ್ದು ನಿಜ. ಮದುವೆ ಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ತಿಥಿ ಕಾರ್ಡು ಎಲ್ಲವನ್ನೂ ಮನೆಯಲ್ಲೇ ಟೈಪ್ ಮಾಡಿಕೊಡುತ್ತಿದ್ದೆ. ಹಳೆಯ ಯಂತ್ರಕ್ಕೆ ಹೊಸ ವಿಂಡೋಸ್ ಭಾರವಾದಾಗ ಲಿನಕ್ಸ್ ಹಾಕಿಕೊಂಡೆ. ಗೊತ್ತಿಲ್ಲದ್ದನ್ನು ಓದಿ ಓದಿ, ಅನ್ನಕ್ಕಿಟ್ಟು ಬಂದು ಓದಿ, ಕುಕ್ಕರ್ ಕೂಗಿದಾಗ ಎದ್ದು, ಹಾಗೆ ಕಲಿತದ್ದು. ಆಮೇಲೆ ಅಣ್ಣನಿಗಾಗಿ ಅದರಲ್ಲೇ ಒಂದು ಮೇಲ್ ಸರ್ವರ್ ಕೂರಿಸಿದೆ. ಅಂಚೆ ಕಚೇರಿಯನ್ನೇ ಮನೆಗೆ ತಂದು ಕಟ್ಟಿದ ಹಾಗೆ ಅದು. ಬಂದ ಮೇಲ್ ನಮ್ಮ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಬೇಕಾದಾಗ ಅಣ್ಣ ತನ್ನ ಊರಿನಿಂದಲೇ ತೆರೆದು ನೋಡಬಹುದು.

ಅಣ್ಣ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಗೆ ಅಂಚು ಸೆರಗು ಬರೆಯುವವನು. ಚೌಕುಳಿ ಹಾಳೆಯ ಮೇಲೆ ಒಂದೊಂದೇ ಮನೆಗೆ ಬಣ್ಣ ತುಂಬಿ ಹಂಸ, ರುದ್ರಾಕ್ಷಿ, ಗೋಪುರ ಎಬ್ಬಿಸುತ್ತಿದ್ದ. ಅದನ್ನು ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೆದರೆ ಮಗ್ಗಕ್ಕೆ ಅರ್ಥವಾಗುತ್ತದೆ. ಆ ಹಾಳೆಗಳನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿಸಿ ನನಗೆ ಕಳಿಸುತ್ತಿದ್ದ; ಬಿಟ್ಟಿ ಸಿಗುವ ಮೇಲ್‌ಗಳು ಅಷ್ಟು ಭಾರ ಹೊರುತ್ತಿರಲಿಲ್ಲ. ಮೂಲ ಹಾಳೆಗಳು ಅಟ್ಟದ ಮೇಲೆ ಗೆದ್ದಲಿನ ಪಾಲಾದ ಮೇಲೆ, ಅವನ ಜೀವಮಾನದ ಕೆಲಸವೆಲ್ಲ ಉಳಿದದ್ದು ಕಂಬಳಿಯ ಮೇಲಿನ ಆ ಒಂದು ಪೆಟ್ಟಿಗೆಯಲ್ಲಿ.

ಇಷ್ಟರಲ್ಲಿ ಅವನಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಎಡಗಣ್ಣು ಹೋಯಿತು. ಬಲಗಣ್ಣನ್ನು ಕಾಪಾಡಿಕೊಳ್ಳಿ, ಮಂಜಾದರೆ ಅದೇ ದಿನ ಬನ್ನಿ ಎಂದು ಚಿತ್ರದುರ್ಗದ ಡಾಕ್ಟರು ಹೇಳಿ ಕಳಿಸಿದ್ದರು. ಅಣ್ಣನಿಗೆ ಹಟ ಹಿಡಿದಂತಾಯಿತು. ಕಣ್ಣು ಇರುವಷ್ಟರಲ್ಲಿ ಹಳೆಯದೆಲ್ಲ ಕಾರ್ಡಿಗೆ ಏರಬೇಕು. ಬಣ್ಣ ಮಾಸಿದ ಆ ಹಾಳೆಗಳ ಸ್ಕ್ಯಾನಿನಲ್ಲಿ ಯಾವ ಮನೆ ತುಂಬಿದೆ, ಯಾವುದು ಖಾಲಿ ಎಂದು ನೋಡಿ ಹೇಳಬಲ್ಲವನು ಅವನೊಬ್ಬನೇ. ದಿನಕ್ಕೊಂದು ಚಿತ್ರ ತೆರೆಯುವುದು, ನೋಡಿ ಒಪ್ಪುವುದು, ಪಕ್ಕದ ಬೀದಿಯ ಕಾರ್ಡು ಹೊಡೆಯುವವನಿಗೆ ಕೊಡುವುದು. ಹೀಗೆ ನಡೆದಿತ್ತು.

ಬಿಸಿಲು ಏರಿದಂತೆ ಸರ್ವರ್ ಕೈಕೊಡತೊಡಗಿತು. ಬೆಳಿಗ್ಗೆ ಸರಿ ಇರುತ್ತಿತ್ತು. ಮಧ್ಯಾಹ್ನ ಅಣ್ಣ ಮೇಲ್ ತೆರೆದರೆ ಅರ್ಧಕ್ಕೆ ಕಡಿದುಹೋಗುತ್ತಿತ್ತು. ನಾನು ಮೇಲ್ ಕಡೆಯ ತೊಂದರೆಯೆಂದೇ ಹಿಡಿದುಕೊಂಡೆ. ಸರ್ವರ್ ಬರೆದಿಡುವ ದಿನಚರಿಯನ್ನು ಸಾಲು ಸಾಲಾಗಿ ಓದಿದೆ. ಮೇಲ್ ಬೇರೆಯವರ ಕಣ್ಣಿಗೆ ಬೀಳದಂತೆ ಕಾಯುವ ಬೀಗಮುದ್ರೆಯ ಫೈಲು ಹೊಸದು ಮಾಡಿದೆ. ಇಂಟರ್ನೆಟ್ಟಿನವನನ್ನು ಕರೆಸಿ ವೈರು ಬದಲಿಸಿದೆ. ಪ್ರತಿ ಸಲವೂ ಆರಿಸಿ ಹಚ್ಚುತ್ತಿದ್ದೆ. ಹಚ್ಚಿದ ಮೇಲೆ ಒಂದು ಗಳಿಗೆ ಎಲ್ಲ ಸರಿಯಾಗಿ, ಮತ್ತೆ ಅದೇ ಹಾಡು. ಹೊರಗೆ, ರಕ್ಷಣಾ ಇಲಾಖೆಯವರು ಪರೀಕ್ಷೆ ನಡೆಸುವ ವರವು ಕಾವಲ್ ದಿಕ್ಕಿನಿಂದ ಆಗಾಗ ಧಡ್ ಎಂಬ ಸದ್ದು ಬಂದು ಕಿಟಕಿಯ ಗಾಜು ಅದುರುತ್ತಿತ್ತು. ಒಳಗೆ ಟಿಕ್ ಟಿಕ್. "ಕೃಷ್ಣ ಕೃಷ್ಣ."

ಆಗ ಒಂದು ದಿನ ಅಣ್ಣ ಫೋನಿನಲ್ಲಿ ಮಾತಿನ ನಡುವೆ ಅಂದ:

"ತಂಗಿ, ಆ ಜೋಡಿ ಹಂಸದ ಕೆಳಗೆ ಬೂದಿ ಬಳದಂಗೆ ಕಾಣ್ತೈತೆ."

"ಅಣ್ಣ, ಮಂಜು ಕಾಣಿಸಿದ್ರೆ ಅವತ್ತೇ ಬಾ ಅಂದಿಲ್ವಾ ಡಾಕ್ಟ್ರು? ಇವತ್ತೇ ಹೊರಡು."

"ಏ, ನಿದ್ದೆ ಇರಲಿಲ್ಲ ಬಿಡು. ಅದಕ್ಕೆ."

ಅಲ್ಲಿಂದ ಮುಂದೆ ಅವನು ಬೂದಿಯ ಸುದ್ದಿ ಎತ್ತಲಿಲ್ಲ. ಕೇಳಿದರೆ "ಚೆನ್ನಾಗೈತೆ" ಎನ್ನುತ್ತಿದ್ದ. ಕಾಣದ ಕಡೆ ನೆನಪಿನಿಂದ ಹೇಳಿ ದಾಟಿಸುತ್ತಿದ್ದನಂತೆ. ಕಾಣದು ಎಂದು ಒಪ್ಪಿಕೊಂಡರೆ ದುರ್ಗಕ್ಕೆ ಎಳೆದೊಯ್ದು ಮಲಗಿಸುತ್ತಾರೆ, ಕೆಲಸ ನಿಂತುಹೋಗುತ್ತದೆ ಎಂಬ ಭಯ ಅವನಿಗೆ.

ಬಯಲಿಗೆಳೆದವನು ಕಾರ್ಡು ಹೊಡೆಯುವವನು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ನಗುವಾಗ ಎರಡೂ ಆಡುವ ಮನುಷ್ಯ. ಅವತ್ತು ನಗದೆ, ಅಣ್ಣನ ಮನೆಯಿಂದಲೇ ಫೋನು ಮಾಡಿದ.

"ಏನಕ್ಕಾ ಇದು, ಕಿಂದ ಏಮೀ ಲೇದು! ಕೆಳಗಡೆ ಏನೂ ಇಲ್ಲ. ಸೆರಗು ಅರ್ಧಕ್ಕೇ ಕಡಿದೈತೆ. ನಿಮ್ಮಣ್ಣ ನೋಡಿದ್ರೆ ಎಲ್ಲಾ ಐತೆ ಅಂತಾನೆ. ನಾನು ತೂತು ಎಲ್ಲಿ ಹೊಡೀಲಿ, ಗಾಳಿಗಾ?"

ಹಿಂದಿನಿಂದ ಅಣ್ಣನ ಧ್ವನಿ: "ಲೇ, ನಿನಗೂ ಕಾಣಲ್ವೇನ್ಲೇ?"

"ಇದ್ರೆ ತಾನೆ ಕಾಣೋದು!"

ಆಮೇಲೆ ಕೇಳಿಸಿದ್ದು ಅಣ್ಣನ ನಗು. ಎಷ್ಟೋ ದಿನದಿಂದ ಅವನು ಹಾಗೆ ನಕ್ಕಿರಲಿಲ್ಲ. ಫೋನು ಕಿತ್ತುಕೊಂಡು, "ತಂಗಿ, ನನ್ನ ಕಣ್ಣು ಸರಿ ಐತೆ! ಕೆಟ್ಟಿದ್ದು ನಿನ್ನ ಕಂಪ್ಯೂಟ್ರು!" ಎಂದ.

ಅವನು ನಗುತ್ತಿದ್ದಾಗಲೇ ನಾನು ಇಲ್ಲಿ ಆ ಜೋಡಿ ಹಂಸವನ್ನು ತೆರೆದೆ. ಕತ್ತಿನವರೆಗೆ ಹಂಸ ಇತ್ತು. ಅದರ ಕೆಳಗೆ ಒಂದೇ ಸಮನೆ ಬೂದುಬಣ್ಣದ ಪಟ್ಟಿ. ಇನ್ನೊಂದನ್ನು ತೆರೆದೆ, ಅದರಲ್ಲೂ ಪಟ್ಟಿ. ಯುಗಾದಿಗೆ ಮುಂಚೆ ನಾನೇ ನೋಡಿದ್ದ, ಆಗ ಇಡಿಯಾಗಿದ್ದ ರುದ್ರಾಕ್ಷಿ ಅಂಚು ಈಗ ನಡುವೆಯೇ ಹರಿದಿತ್ತು. ತೆರೆಯುತ್ತಿದ್ದಂತೆ ಪೆಟ್ಟಿಗೆಯೊಳಗಿಂದ ಟಿಕ್ ಟಿಕ್ ಎಂದಿತು. ಹಿಂದೆಯೇ ಅತ್ತೆಯ ಬೆರಳು ನೆಲ ಕುಟ್ಟಿತು.

ಅಷ್ಟು ದಿನ ನುಡಿದದ್ದು ಹಲ್ಲಿಯಲ್ಲ ಎಂದು ನನಗೆ ಹೊಳೆದದ್ದು ಆಗ. ಎಲ್ಲವನ್ನೂ ಹೊತ್ತ ಹಾರ್ಡ್ ಡಿಸ್ಕು ಒಳಗೇ ಮುಗ್ಗರಿಸುತ್ತಿತ್ತು.

ಆರಿಸಿ, ಪೆಟ್ಟಿಗೆ ಮಗುಚಿ ಬಿಚ್ಚಿದೆ. ತಳದ ಗಾಳಿಕಿಂಡಿಗೆ ಕಂಬಳಿಯ ಉಣ್ಣೆ ಹತ್ತಿಯಂತೆ ತುಂಬಿಕೊಂಡಿತ್ತು. ಕಂಬಳಿಗೆ ಬಿಗಿ ಬರಲಿ ಎಂದು ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಆ ವಾಸನೆಗೆ ಇಲಿ ಬಂದು ಮಡಿಕೆಯಲ್ಲಿ ಗೂಡು ಮಾಡಿ, ಹಾಗೇ ಮೇಲೆ ಹತ್ತಿ ಡಿಸ್ಕಿನ ವೈರಿನ ಸಿಪ್ಪೆಯನ್ನೂ ತಿಂದಿತ್ತು. ಡಿಸ್ಕು ಮುಟ್ಟಿದರೆ ಕಾದ ಹೆಂಚು. ವೈರು ಬದಲಿಸಿ, ಉಣ್ಣೆ ಕಿತ್ತು, ಹಚ್ಚಿ, ಡಿಸ್ಕಿಗೇ ಅದರ ಆರೋಗ್ಯ ಕೇಳುವ ಆಜ್ಞೆ ಕೊಟ್ಟೆ. ಕೆಡುವುದು ಖಚಿತ, ಇರುವುದನ್ನು ಈಗಲೇ ಉಳಿಸಿಕೊಳ್ಳಿ ಎಂದು ಬಂತು. ಇಂಥ ಡಿಸ್ಕು ಒಮ್ಮೆ ನಿಂತರೆ ಮತ್ತೆ ತಿರುಗುತ್ತದೆಂಬ ಭರವಸೆ ಇಲ್ಲ. ಇಷ್ಟು ದಿನ ಎಷ್ಟು ಸಲ ಆರಿಸಿ ಹಚ್ಚಿದ್ದೆನೋ, ಅದು ಹೇಗೆ ಎದ್ದು ಬರುತ್ತಿತ್ತೋ!

ಅತ್ತೆ ಕಂಬಳಿಯನ್ನು ಹೊರಗೆ ಒಯ್ದು ಕೊಡವಿದರು. ಮರದ ಮಣೆ ತಂದು ಅದರ ಮೇಲೆ ಪೆಟ್ಟಿಗೆ ಇಟ್ಟೆವು.

ಹೊಸ ಡಿಸ್ಕು ತಂದು, ಪೆಟ್ಟಿಗೆ ಆರಿಸದೆ ಹೊರಗಿನಿಂದಲೇ ಜೋಡಿಸಿ, ಹಳೆಯದರಿಂದ ಅದಕ್ಕೆ ನಕಲು ಶುರುಮಾಡಿದೆ. ಈ ನಕಲಿಗೆ ತಾಳ್ಮೆ ಬೇಕು. ಕೆಟ್ಟ ಜಾಗ ಸಿಕ್ಕರೆ ದಾಟಿ ಮುಂದೆ ಹೋಗಿ, ಮತ್ತೆ ಹಿಂದೆ ಬಂದು, ಕೊಡುತ್ತೀಯಾ ಎಂದು ಹತ್ತಾರು ಸಲ ಕೇಳುತ್ತದೆ. ಹಂಸದ ಕಾಲು ಹಾಗೆ ಕೇಳಿ ಕೇಳಿ ಪಡೆದದ್ದು. ಮಾರನೆಯ ದಿನ ಬೆಳಗಿನ ಬಸ್ಸಿಗೇ ಅಣ್ಣ ಬಂದಿಳಿದ. ಉಳಿದು ಬಂದದ್ದನ್ನು ಬಂದ ಹಾಗೇ ನೋಡಿ ಒಪ್ಪಬೇಕು ಅವನಿಗೆ. ಕಾಫಿಯನ್ನೂ ಪೆಟ್ಟಿಗೆಯ ಪಕ್ಕದಲ್ಲೇ ಕುಡಿದ.

ಜೋಡಿ ಹಂಸ ತೆರೆದೆ. ಇಡಿಯಾಗಿತ್ತು. ಕಾಲು, ಕಾಲ ಕೆಳಗಿನ ಬಳ್ಳಿ, ಬಳ್ಳಿಯ ಕೆಳಗಿನ ಗೋಪುರದ ಸಾಲು, ಎಲ್ಲ ಇತ್ತು. ನನಗೆ ಅಳುವೇ ಬಂತು.

ಅಣ್ಣ ಹತ್ತಿರ ಬಾಗಿ ನೋಡಿದ. "ಇನ್ನೂ ಬಂದಿಲ್ವಲ್ಲ ತಂಗಿ" ಎಂದ. "ಬೂದಿ ಹಂಗೇ ಐತೆ."

ಹಿಂದೆ ನಿಂತಿದ್ದ ಅತ್ತೆ ಕನ್ನಡಕ ಏರಿಸಿ, "ಎಲ್ಲೈತಪ್ಪಾ ಬೂದಿ? ಕಾಲೈತೆ, ಬಳ್ಳಿ ಐತೆ. ನಿಚ್ಚಳವಾಗಿ ಐತೆ" ಎಂದರು.

"ಕೆಳಗೆ ನೋಡ್ರಿ ಅತ್ತೆಮ್ಮ."

"ಕೆಳಗೇ ನೋಡ್ತಿದೀನಿ."

ಅಣ್ಣ ಗೋಪುರದ ಕಡೆ ಕಣ್ಣಿಳಿಸಿದ. ಮತ್ತೆ ಹಂಸದ ಕೊಕ್ಕಿಗೆ ಏರಿಸಿದ. ಮೂಲೆಗೆ ಹೊರಳಿಸಿದ. ಅವನ ಮುಖ ಸಣ್ಣಗಾಗುತ್ತಾ ಬಂತು.

"ಮೊದಲಿನ ಬೂದಿ ಒಂದೇ ಕಡೆ ನಿಂತಿರೋದು" ಎಂದ. "ಇದು ನಡೀತೈತೆ. ನಾನು ನೋಡಿದ ಕಡೆಗೇ ಬರ್ತೈತೆ."

ನಾನು ಎದ್ದು ಸೀರೆ ಬದಲಿಸಿಕೊಂಡು ಬಂದೆ. "ನಡಿ ಅಣ್ಣ, ದುರ್ಗಕ್ಕೆ."

"ಇದನ್ನ ಬಿಟ್ಟಾ? ಮಧ್ಯಾಹ್ನ ಕರೆಂಟ್ ತೆಗೀತಾರೆ ಅಂದ್ಯಲ್ಲ?"

ಲೈನ್ ಕೆಲಸವಿದೆ, ಮಧ್ಯಾಹ್ನದಿಂದ ಸಂಜೆಯವರೆಗೆ ಕರೆಂಟ್ ಇಲ್ಲವೆಂದು ಆಗಲೇ ಸಾರಿದ್ದರು. ನಮ್ಮ ಇನ್ವರ್ಟರಿನ ಬ್ಯಾಟರಿ ಹಳೆಯದು, ಅಷ್ಟು ಹೊತ್ತು ತಡೆಯದು. ನಾನು ಮನೆಯಲ್ಲಿದ್ದರೆ ಪಕ್ಕದ ಮನೆಯವರ ಜನರೇಟರಿನಿಂದ ವೈರು ಎಳೆದು ಡಿಸ್ಕು ನಿಲ್ಲದಂತೆ ನೋಡಿಕೊಳ್ಳಬಹುದಿತ್ತು. ಅತ್ತೆಗೆ ಆ ಕೆಲಸ ಹೇಳುವ ಹಾಗಿರಲಿಲ್ಲ.

"ನಾಳೆ ಹೋಗಾಣ. ಇದೊಂದು ಮುಗೀಲಿ" ಎಂದ ಅಣ್ಣ.

"ಡಾಕ್ಟ್ರು ಅವತ್ತೇ ಬಾ ಅಂದವ್ರೆ."

"ಹುಚ್ಚಿ, ಇದು ಹೋದ್ರೆ ಮತ್ತೆ ಬರಲ್ಲ."

"ಅದೂ ಬರಲ್ಲ."

ಅವನು ಏಳಲಿಲ್ಲ. ಕೊನೆಗೆ ನಾನು ಪರದೆಯನ್ನಷ್ಟೇ ಆರಿಸಿದೆ. ಕೆಳಗೆ ಪೆಟ್ಟಿಗೆ ತನ್ನಷ್ಟಕ್ಕೆ ಓಡುತ್ತಿತ್ತು. ಕಪ್ಪಾದ ಗಾಜನ್ನು ಅಣ್ಣ ಇನ್ನೂ ನೋಡುತ್ತಲೇ ಇದ್ದ. ಅತ್ತೆ ಬಂದು ಅವನ ಚಪ್ಪಲಿಯನ್ನು ಕಾಲ ಬಳಿ ಇಟ್ಟರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಅವನನ್ನು ಕೂರಿಸಿದೆ. ಫೋನಿನಲ್ಲಿ ಮನೆಯ ಸರ್ವರನ್ನು ಕರೆಯುತ್ತಲೇ ಇದ್ದೆ. ಕರೆದಾಗಲೆಲ್ಲ ಓಗೊಡುತ್ತಿತ್ತು. ಊರು ದಾಟಿತು, ಶೇಂಗಾ ಗಿರಣಿಗಳು ಹಿಂದಾದವು, ಬೋಳು ಹೊಲಗಳು ಬಂದವು, ಆಗಲೂ ಓಗೊಡುತ್ತಿತ್ತು. ಮಧ್ಯಾಹ್ನ ದಾಟಿ ಸ್ವಲ್ಪ ಹೊತ್ತಿನ ಮೇಲೆ ಒಂದು ಸಲ ಕರೆದಾಗ ಉತ್ತರವಿಲ್ಲ. ಮತ್ತೆ ಕರೆದೆ. ಮತ್ತೆ.

"ನಿಂತಾ?" ಎಂದ ಅಣ್ಣ.

"ಹೂಂ."

"ಎಷ್ಟು ಬಂದಿರಬೌದು?"

"ಅರ್ಧ. ಅರ್ಧದ ಮೇಲೆ ಸ್ವಲ್ಪ."

ಅವನು ತಲೆಯನ್ನು ಕೋಳಿಯ ಹಾಗೆ ಓರೆ ಮಾಡಿ, ಕಣ್ಣಿನ ಅಂಚಿನಿಂದ ನನ್ನ ಕಡೆ ನೋಡಿದ. ಆಮೇಲೆ ನೇರವಾಗಿ ತಿರುಗಿ ನೋಡಿದ.

"ಸುತ್ತಾ ಎಲ್ಲಾ ಕಾಣ್ತೈತೆ ತಂಗಿ" ಎಂದ. "ಬಸ್ಸು ಕಾಣ್ತೈತೆ, ನಿನ್ನ ಸೀರೆ ಅಂಚು ಕಾಣ್ತೈತೆ. ನಿನ್ನ ಮುಖ ಒಂದು ಬಿಟ್ಟು."

ನಾನು ಫೋನನ್ನು ಚೀಲಕ್ಕೆ ಹಾಕಿ, ಕಣ್ಣಾಸ್ಪತ್ರೆಗೆ ಹತ್ತಿರದ ಸ್ಟಾಪು ಯಾವುದೆಂದು ಕೇಳಲು ಕಂಡಕ್ಟರ್ ಹತ್ತಿರ ಹೋದೆ.