ಹಾರೆಕಿವಿ ಮೇಸ್ತ್ರಿಯ ಐದನೇ ಜಾಗ

ಪಾಯ ತೋಡಿಸುವ ಆ ಮೇಸ್ತ್ರಿಗೆ ಹೆತ್ತವರಿಟ್ಟ ಹೆಸರು ಪಡಿತರ ಚೀಟಿಯಲ್ಲಷ್ಟೇ ಉಳಿದಿತ್ತು. ಊರ ಬಾಯಲ್ಲಿ ಅವನು ಹಾರೆಕಿವಿ. ಸೈಟಿನ ನಾಲ್ಕು ಮೂಲೆಯಲ್ಲೂ ಹಾರೆ ನೆಟ್ಟು, ಸುತ್ತಿಗೆಯಿಂದ ಒಮ್ಮೆ ತಟ್ಟಿ, ತುದಿಗೆ ಕಿವಿ ಕೊಡುತ್ತಿದ್ದ. ದಪ್ ಎಂದರೆ ಮಣ್ಣು, ಖಣ್ ಎಂದರೆ ಬಂಡೆ. ಮೂವತ್ತು ವರ್ಷದಲ್ಲಿ ನೆಲ ಅವನಿಗೆ ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಮೂರಂತಸ್ತಿನ ಕಟ್ಟಡದ ಕರಾರಿನ ದಿನ ಎಂಜಿನಿಯರ್ ಕೇಳಿದ: "ಮಣ್ಣು ಪರೀಕ್ಷೆ ಮಾಡಿಸೋಣ್ವಾ ಮೇಸ್ತ್ರಿ?"

"ಯಾಕ್ ಸಾರ್ ದಂಡದ ಖರ್ಚು? ನೆಲದ ಚಿಂತೆ ನನಗೆ ಬಿಡಿ."

ಎಂಜಿನಿಯರ್ ನಗುತ್ತಲೇ ಅದನ್ನೂ ಬರೆಸಿದ: ನೆಲದಡಿ ಏನೇ ಸಿಕ್ಕರೂ ಹೊಣೆಯೂ ಖರ್ಚೂ ಗುತ್ತಿಗೆದಾರನದೇ. ಹಾರೆಕಿವಿ ಮೀಸೆ ತಿರುವಿ ಸಹಿ ಹಾಕಿದ.

ನಾಲ್ಕು ಮೂಲೆಯೂ ದಪ್ ಎಂದಿದ್ದವು. ಸೈಟಿನ ನಟ್ಟನಡುವೆ ಒಡೆದ ಇಟ್ಟಿಗೆಯ ರಾಶಿಯಿತ್ತು. ಅದನ್ನು ಸರಿಸಿ ತಟ್ಟುವ ಗೋಜಿಗೆ ಅವನು ಹೋಗಿರಲಿಲ್ಲ. ಪಾಯ ಅಗೆಯುತ್ತ ಬಂದಾಗ ಬಂಡೆ ಸಿಕ್ಕಿದ್ದು ಅಲ್ಲೇ, ಆನೆ ಮಲಗಿದ ಹಾಗೆ ಮಲಗಿತ್ತು.

ಆ ರಾತ್ರಿ ಮನೆಯಲ್ಲಿ ಹೆಂಡತಿ ಕರಾರು ಪತ್ರವನ್ನು ಎರಡು ಸಲ ಓದಿದಳು. "ಕಿವಿ ಚುರುಕು, ಒಪ್ಪಿದೆ. ಬಾಯಿಗೆ ಯಾರ್ರೀ ಕಾವಲು?"

"ಅಣಕಿಸ್ಬೇಡ ಮಾರಾಯ್ತಿ. ಕೆಲಸ ಬಿಟ್ಟು ಬಂದ್ರೆ?"

"ಠೇವಣಿ ಮುಟ್ಟುಗೋಲು. ಇಲ್ಲೇ ಇದೆ, ನೋಡಿ."

"ಮುಂದುವರಿಸಿದ್ರೆ?"

"ಬಂಡೆ ಒಡೆಯೋ ಮೆಷಿನ್ ಬಾಡಿಗೆ ನಮ್ಮದು. ಈ ಮನೆ ಪತ್ರ ಅಡ ಇಡ್ಬೇಕು." ಗೋಡೆಗಳನ್ನೊಮ್ಮೆ ನೋಡಿ ಅವಳು ಕರಾರು ಪತ್ರ ಮಡಚಿಟ್ಟಳು.

ಅತ್ತ ದರಿ, ಇತ್ತ ಪುಲಿ. ಬೆಳಿಗ್ಗೆ ಹಾರೆಕಿವಿ ಎಂಜಿನಿಯರನ ಮುಂದೆ ಹೋಗಿ ನಿಂತ. "ಅರ್ಧ ಖರ್ಚಾದ್ರೂ ಮಾಲೀಕರು ಹೊರಲಿ ಸಾರ್. ಬಂಡೆ ನಾನೇನು ತಂದಿಟ್ಟದ್ದಲ್ವಲ್ಲ."

"ತಂದಿಟ್ಟಿಲ್ಲ, ಆದ್ರೆ ತಲೆ ಮೇಲೆ ಹೊತ್ಕೊಂಡಿದ್ದೀರಲ್ಲ. ಬೇಕಾದ್ರೆ ಕೋರ್ಟಿಗೆ ಹೋಗಿ. ಕೇಸ್ ಮುಗಿಯೋತನಕ ಹಳೇ ಬಿಲ್ಲೂ ಪಾಸಾಗಲ್ಲ."

ಹಳೇ ಬಿಲ್ಲಿನಲ್ಲಿ ಹನ್ನೊಂದು ಆಳುಗಳ ಕೂಲಿಯಿತ್ತು. ಅವರೆಲ್ಲ ಗುಂಡಿಯೊಳಗೆ ಬಂಡೆಯ ಸುತ್ತ ಕೈಕಟ್ಟಿ ನಿಂತು ಇವನ ದಾರಿ ಕಾಯುತ್ತಿದ್ದರು. ಹಾರೆಕಿವಿ ಏಣಿ ಇಳಿದ. ಬಂಡೆಯ ಮೇಲೆ ಹಾರೆ ಊರಿ ತಟ್ಟಿ ಕಿವಿಯಿಟ್ಟ. ಖಣ್ ಎಂದದ್ದು ಇಳಿಯಿತು, ಇಳಿಯುತ್ತಲೇ ಹೋಯಿತು, ಎಲ್ಲೂ ತಳ ಮುಟ್ಟಲಿಲ್ಲ.

"ಎಷ್ಟು ಆಳ ಇದೆ ಅಣ್ಣಾ?" ಹಿರಿಯ ಆಳು ಕೇಳಿದ.

"ಸರಿಯಾಗಿ ಕೇಳಿಸ್ಲಿಲ್ಲ ಕಣೋ," ಎಂದ ಹಾರೆಕಿವಿ. "ಮೆಷಿನ್ನಿನವನಿಗೆ ಫೋನ್ ಮಾಡು."